ಫ್ಲೈಟ್ ಮೋಡಿನಲ್ಲಿ ದೊಡ್ಡಮ್ಮ

ಬೆಳಕು ಕೊಡುವುದಷ್ಟೇ ಕೆಲಸವಾಗಿರುವ ಒಂದು ಟಾರ್ಚ್ ಆ್ಯಪ್‌ಗೆ ತಮ್ಮ ಬಂಧುಬಳಗದವರ ಫೋನ್ ನಂಬರುಗಳೆಲ್ಲ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗದೆ, ದೊಡ್ಡಮ್ಮ ಬೆಳಗಿನ ಕಾಫಿಯನ್ನು ಆರಲು ಬಿಟ್ಟು ಕುಳಿತಿದ್ದರು.

"ಪುಟ್ಟೀ, ಇದನ್ನ ನೋಡೇ. ಕತ್ತಲಲ್ಲಿ ಚಪ್ಪಲಿ ಹುಡುಕೋಕೆ ಒಂದಿಷ್ಟು ಬೆಳಕು ಕೊಡಪ್ಪ ಅಂದ್ರೆ, ನಿಮ್ಮವರ ನಂಬರೆಲ್ಲ ಕೊಡಿ ಅಂತ ಕೇಳ್ತಿದೆ. ಇದೇನು ಟಾರ್ಚೋ, ಮದುವೆ ದಲ್ಲಾಳಿಯೋ?"

"'ಅಲೌ' ಅಂತ ಒತ್ತು ದೊಡ್ಡಮ್ಮ. ಎಲ್ರೂ ಒತ್ತುತ್ತಾರೆ."

"ಎಲ್ರೂ ಒತ್ತುತ್ತಾರೆ ಅನ್ನೋದು ಒಂದು ಕಾರಣವೇನೇ? ಎಲ್ರೂ ಕಾಪಿ ಹೊಡೀತಾರೆ ಅಂತ ನಾನು ಯಾವತ್ತಾದ್ರೂ ಸುಮ್ನೆ ಬಿಟ್ಟಿದ್ನಾ?"

ಬಿಟ್ಟಿರಲಿಲ್ಲ. ಗಣಿತದ ಮೇಡಂ ಆಗಿದ್ದಷ್ಟು ಕಾಲವೂ ದೊಡ್ಡಮ್ಮ ಪರೀಕ್ಷೆಯ ಕೋಣೆಯೊಳಗೆ ಕಾಲಿಟ್ಟರೆ ಗೋಡೆಯ ಮೇಲಿನ ಹಲ್ಲಿಗಳೂ ಪಕ್ಕಕ್ಕೆ ತಿರುಗಿ ನೋಡುತ್ತಿರಲಿಲ್ಲ. ಈಗ ನಿವೃತ್ತರಾಗಿ ತಂಗಿಯ ಮನೆಯ ಮಹಡಿಯ ಕೋಣೆಯಲ್ಲಿದ್ದರು. ಪುಟ್ಟಿ ಆ ತಂಗಿಯ ಮಗಳು. ಹೆಸರಿಗೆ ಪುಟ್ಟಿಯಾದರೂ ಊರಿನ ಅರ್ಧದಷ್ಟು ಬೊಚ್ಚುಬಾಯಿಗಳಿಗೆ ಹಲ್ಲಿನ ಸೆಟ್ಟು ಮಾಡಿ ಕೊಟ್ಟ ಕೈ ಅವಳದು. ಪರರ ಬಾಯಿಗೆ ಅಳತೆ ತಪ್ಪದ ಹಲ್ಲು ಕೂರಿಸುವವಳಿಗೆ ಪರರ ಪ್ರಯಾಣಕ್ಕೂ ಅಳತೆ ಕೊಡುವ ಹಕ್ಕಿದೆ ಎಂಬ ಭ್ರಮೆ ಹೇಗೋ ಹುಟ್ಟಿಬಿಟ್ಟಿತ್ತು.

ಪ್ರಯಾಣವೆಂದರೆ ಸಾಮಾನ್ಯದ್ದಲ್ಲ, ವಿದೇಶ ಪ್ರಯಾಣ. ಬಾಲ್ಯದಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪೆನ್ಸಿಲನ್ನು ಎರಡು ತುಂಡು ಮಾಡಿಕೊಂಡಿದ್ದ ಗೆಳತಿ ಈಗ ಸಮುದ್ರದಾಚೆಯ ಬಂದರಿನ ಊರಿನಲ್ಲಿದ್ದಳು. "ಒಬ್ಬಳೇ ಬಾ. ಜೊತೆಗೆ ಕಾವಲುಗಾರರನ್ನ ಕಟ್ಕೊಂಡು ಬಂದ್ರೆ ಬಾಗಿಲೇ ತೆಗೆಯಲ್ಲ" ಎಂದು ಫೋನಿನಲ್ಲಿ ತಾಕೀತು ಮಾಡಿದ್ದಳು. ಆ ತಾಕೀತು ದೊಡ್ಡಮ್ಮನ ಮನಸ್ಸಿಗೆ ಸಕ್ಕರೆಯಂತೆ ಹತ್ತಿತ್ತು. ಅವರು ಜೀವಮಾನದಲ್ಲಿ ಮಾಡಿದ ಪ್ರವಾಸಗಳೆಲ್ಲ ಶಾಲೆಯ ಪ್ರವಾಸಗಳೇ. ಬಸ್ಸು ಹತ್ತುವಾಗ ತಲೆ ಎಣಿಸು, ಇಳಿಯುವಾಗ ತಲೆ ಎಣಿಸು. ಜಲಪಾತದ ಮುಂದೆ ನಿಂತರೂ ನೀರನ್ನು ನೋಡದೆ ತಲೆಗಳನ್ನೇ ನೋಡು. ಎಣಿಸಬೇಕಾದ ತಲೆ ತಮ್ಮದೊಂದೇ ಆಗಿರುವ ಪ್ರವಾಸವೊಂದನ್ನು ಸಾಯುವುದರೊಳಗೆ ಮಾಡಬೇಕೆಂಬ ಆಸೆ ಅವರಿಗಿತ್ತು. ಪುಟ್ಟಿಯೋ, "ನಾನೂ ಬರ್ತೀನಿ, ರಜೆ ಹಾಕ್ತೀನಿ" ಎಂದು ಪಟ್ಟು ಹಿಡಿದಿದ್ದಳು.

"ಅಲ್ಲಿ ನೆಟ್ ಇರಲ್ಲ, ಭಾಷೆ ಬರಲ್ಲ, ದಾರಿ ಗೊತ್ತಿಲ್ಲ. ಹೇಗೆ ಹೋಗ್ತೀಯ?"

"ಇದಿದೆಯಲ್ಲ" ಎಂದು ದೊಡ್ಡಮ್ಮ ಟ್ಯಾಬ್ ಎತ್ತಿ ತೋರಿಸಿದ್ದರು.

ಅದು ಪುಟ್ಟಿಯ ತಂದೆಯ ಹಳೆಯ ಟ್ಯಾಬು. ಒಂದು ಮೂಲೆ ಬಿರುಕು ಬಿಟ್ಟಿತ್ತು, ಒಳಗಿನ ಜಾಗವೂ ಸಂಕುಚಿತ. ಯಾವುದಾದರೂ ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಲೇಬೇಕು. ಆದ್ದರಿಂದ ದೊಡ್ಡಮ್ಮ ಆ್ಯಪ್‌ಗಳಿಗೆ ಪ್ರವೇಶ ಪರೀಕ್ಷೆ ಇಟ್ಟರು. ನಿಯಮ ಸರಳ. ಇಳಿಸಿಕೊಂಡ ಕೂಡಲೇ ಟ್ಯಾಬನ್ನು ಫ್ಲೈಟ್ ಮೋಡಿಗೆ ಹಾಕುವುದು. ನೆಟ್ ಕಡಿದ ಮೇಲೂ ಕೇಳಿದ್ದಕ್ಕೆ ಉತ್ತರಿಸಿದರೆ ಒಳಗೆ, ಇಲ್ಲವಾದರೆ ಹೊರಗೆ.

ಅಬ್ಬಾ, ಎಂಥೆಂಥ ಸುಳ್ಳುಬುರುಕರು ಬಂದು ಸಾಲಾಗಿ ನಿಂತರು! 'ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ' ಎಂದು ಹಣೆಯ ಮೇಲೆಯೇ ಬರೆದುಕೊಂಡಿದ್ದ ನಿಘಂಟು, ನೆಟ್ ಹೋದೊಡನೆ ಒಂದು ಉಂಗುರವನ್ನು ಗಿರಗಿರನೆ ತಿರುಗಿಸುತ್ತ ಕುಳಿತಿತು. ಪಾಠ ಓದದೆ ಬಂದವನು ಛಾವಣಿ ನೋಡುತ್ತಾನಲ್ಲ, ಥೇಟ್ ಹಾಗೆ. ಹಣದ ಲೆಕ್ಕ ಬದಲಾಯಿಸಿ ಹೇಳುವ ಆ್ಯಪ್ ಮೈಕಿನ ಅನುಮತಿ ಕೇಳಿತು. "ಗುಣಾಕಾರ ಮಾಡೋಕೆ ನನ್ನ ಧ್ವನಿ ಯಾಕಪ್ಪ ಬೇಕು ನಿಂಗೆ? ನಡಿ ಆಚೆ!" ಎಂದು ದೊಡ್ಡಮ್ಮ ಅದನ್ನು ಕಿವಿ ಹಿಡಿದಂತೆ ಎಳೆದು ಹೊರಹಾಕಿದರು. ಬಾಗಿಲಿನಲ್ಲಿ ಒಂದು ಮಾತು, ಒಳಗೆ ಬಂದ ಮೇಲೆ ಇನ್ನೊಂದು. ಮನುಷ್ಯರಿಗೆ ಇದು ನಾಚಿಕೆಗೇಡೆಂದು ಹೇಳಿಕೊಡುವ ನಾವು ಯಂತ್ರಗಳಿಗೆ ಮಾತ್ರ ಅದನ್ನೇ ಜಾಣತನವೆಂದು ಒಪ್ಪಿಕೊಂಡಿದ್ದೇವೆ. ಕೊನೆಗೆ ತೇರ್ಗಡೆಯಾದವು ಕೆಲವೇ: ಬಂದರಿನ ಊರಿನ ನಕ್ಷೆ, ಆ ದೇಶದ ಭಾಷೆಗೆ ತರ್ಜುಮೆ ಮಾಡಿ ಗಟ್ಟಿಯಾಗಿ ಹೇಳುವ ಒಂದು ಆ್ಯಪ್, ಮರ್ಯಾದಸ್ಥ ಲೆಕ್ಕದ ಆ್ಯಪ್ ಒಂದು, ಟಿಕೆಟ್ಟುಗಳನ್ನು ಇಟ್ಟುಕೊಳ್ಳುವ ಕಪಾಟು. ಅವಕ್ಕೆ ಜಾಗ ಮಾಡಿಕೊಡಲು ಪುಟ್ಟಿಯ ತಂದೆಯ ಬಣ್ಣದ ಮಿಠಾಯಿ ಒಡೆಯುವ ಆಟ ಅಳಿದುಹೋಯಿತು.

"ಅಕ್ಕಾ, ಎಷ್ಟು ಮೇಲಿನ ಹಂತಕ್ಕೆ ಹೋಗಿದ್ದೆ ಗೊತ್ತಾ!" ಎಂದು ಆ ಮಹಾನುಭಾವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

"ಬದುಕಲ್ಲಿ ಒಂದು ಹಂತಕ್ಕೆ ಹೋಗೋ ವಯಸ್ಸಪ್ಪ ನಿಂದು. ಮಿಠಾಯೀಲಲ್ಲ."

ಕಟ್ಟಕಡೆಗೆ ದೊಡ್ಡಮ್ಮ ಏನನ್ನೂ ಕೇಳದ, ಏನನ್ನೂ ಹೇಳದ ಒಂದು ಆ್ಯಪನ್ನು ಹುಡುಕಿ ಹಾಕಿಕೊಂಡರು. ಅದೊಂದು ಬರಿಯ ಕಪ್ಪು ಹಲಗೆ. ಬೆರಳಿನಿಂದ ಬರೆಯಬಹುದು, ಅಂಗೈಯಿಂದ ಒರೆಸಬಹುದು.

"ಅಯ್ಯೋ ದೊಡ್ಡಮ್ಮ, ಸ್ಲೇಟು! ವಿದೇಶಕ್ಕೆ ಸ್ಲೇಟು ಹಿಡ್ಕೊಂಡು ಹೋಗ್ತೀಯಾ? ಬಳಪ ನುಂಗಬೇಡ ಅಂತ ಅಲ್ಲಿ ಯಾರು ಹೇಳ್ತಾರೆ ನಿಂಗೆ?" ಎಂದು ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗುವಿಗೆ ದೊಡ್ಡಮ್ಮ ಸೊಪ್ಪು ಹಾಕಲಿಲ್ಲ. ಅವರ ಗಮನ ಬೇರೆಡೆ ಇತ್ತು. "ಇಷ್ಟು ಜಾಗದಲ್ಲಿ ಇಷ್ಟು ಕಳೆದರೆ ಇನ್ನೂ ಸ್ವಲ್ಪ ಉಳೀಬೇಕಿತ್ತಲ್ಲೇ. ಲೆಕ್ಕ ತಾಳೆ ಆಗ್ತಿಲ್ಲ."

ಪುಟ್ಟಿಯ ನಗು ತಟ್ಟನೆ ನಿಂತಿತು. "ಸಿಸ್ಟಂ ತಿಂದಿರುತ್ತೆ ಬಿಡು" ಎಂದು ಅವಳು ಕಿಟಕಿಯಾಚೆ ನೋಡಿದಳು. ಮರುಕ್ಷಣವೇ ಮಾತನ್ನು ತಿರುಗಿಸಿದಳು. "ಸರಿ, ನೀನು ಆ್ಯಪ್‌ಗಳಿಗೆ ಪರೀಕ್ಷೆ ಕೊಟ್ಟೆಯಲ್ಲ, ಈಗ ನಾನು ನಿಂಗೆ ಕೊಡ್ತೀನಿ. ನಮ್ಮ ಹಲ್ಲಿನ ಲ್ಯಾಬು ಹೊಸ ಜಾಗಕ್ಕೆ ಹೋಗಿದೆ, ನೀನು ನೋಡೇ ಇಲ್ಲ. ನಾಳೆ ಬಸ್ ಸ್ಟ್ಯಾಂಡಿಂದ ಅಲ್ಲಿಗೆ ಒಬ್ಬಳೇ ಬರಬೇಕು. ನೆಟ್ ಇಲ್ಲ, ಫೋನ್ ಇಲ್ಲ, ನಮ್ಮ ಭಾಷೆ ಇಲ್ಲ. ಟ್ಯಾಬ್ ಮಾತ್ರ. ಬಂದ್ರೆ ಒಬ್ಬಳೇ ಹಾರು. ಬರ್ಲಿಲ್ಲ ಅಂದ್ರೆ ಪಕ್ಕದ ಸೀಟು ನಂದು."

"ಒಪ್ಪಿದೆ" ಎಂದರು ದೊಡ್ಡಮ್ಮ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ದೊಡ್ಡಮ್ಮ ಆಗುತ್ತಿರಲಿಲ್ಲ. "ಇನ್ನೊಂದು ಸೇರಿಸ್ಕೋ. ಪರಿಚಯದವರ ಸಹಾಯವೂ ಇಲ್ಲ. ಅಲ್ಲಿ ಪರಿಚಯದವರು ಎಲ್ಲಿರ್ತಾರೆ?"

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಂಬದ ಬುಡದಲ್ಲಿ ನಿಂತು ದೊಡ್ಡಮ್ಮ ಟ್ಯಾಬನ್ನು ಫ್ಲೈಟ್ ಮೋಡಿಗೆ ಹಾಕಿದರು, ತುಟಿಗಳನ್ನು ಬಿಗಿದುಕೊಂಡರು, ನಕ್ಷೆಯನ್ನು ತೆರೆದರು. ನಕ್ಷೆ ಚೆಂದವಾಗಿ ತೆರೆದುಕೊಂಡಿತು. ನೀಲಿ ಬಂದರು, ಟ್ರಾಮಿನ ಗೆರೆಗಳು, ಗೆಳತಿಯ ಬೀದಿಯ ಮೇಲೆ ತಾವೇ ಒತ್ತಿಟ್ಟಿದ್ದ ನಕ್ಷತ್ರ. ಅಲ್ಲಿಂದ ತುಂಬ ತುಂಬ ದೂರದಲ್ಲಿ, ಬೀದಿಯಿಲ್ಲದ, ಮನೆಯಿಲ್ಲದ, ಹೆಸರಿಲ್ಲದ ಬೂದುಬಣ್ಣದ ಬಯಲಿನಲ್ಲಿ ಒಂದೇ ಒಂದು ನೀಲಿ ಚುಕ್ಕೆ ಮಿಣುಕುತ್ತಿತ್ತು. ಆ ಚುಕ್ಕೆಯೇ ದೊಡ್ಡಮ್ಮ.

ಆಗ ಹೊಳೆಯಿತು. ಟ್ಯಾಬಿನ ಜಾಗವನ್ನು ಬೆರಳಲ್ಲಿ ಎಣಿಸಿ, ತೂಗಿ, ವಿದೇಶದ ನಕ್ಷೆಯನ್ನಷ್ಟೇ ಒಳಗಿಟ್ಟು ಸ್ವಂತ ಊರನ್ನು ಅಳಿಸಿಹಾಕಿದ್ದರು. ತರ್ಜುಮೆಯೂ ಅಷ್ಟೇ, ಅದು ಆ ದೇಶದ ಭಾಷೆಯನ್ನಲ್ಲದೆ ಇನ್ನೇನನ್ನೂ ಆಡದು. ತಯಾರಿಯೆಲ್ಲ ಅಲ್ಲಿಗೆ, ಪರೀಕ್ಷೆ ಮಾತ್ರ ಇಲ್ಲಿ! ಟ್ಯಾಬನ್ನು ನಂಬಿ ಗೆಳತಿಯ ಮನೆಗೆ ಕಣ್ಣುಮುಚ್ಚಿ ಹೋಗಬಹುದಿತ್ತು, ನಡುವೆ ಸಮುದ್ರವೊಂದು ಇಲ್ಲದಿದ್ದರೆ.

ಪ್ರಶ್ನೆಪತ್ರಿಕೆಯೇ ತಪ್ಪು. ಬೇರೆ ಯಾರಾದರೂ ಆಗಿದ್ದರೆ ನೆಟ್ ಹಾಕಿ, ಫೋನ್ ಮಾಡಿ, ಅಂಗಡಿಯವನನ್ನು ಕೇಳಿ, ಆಮೇಲೆ ಸಮಜಾಯಿಷಿ ಕೊಡುತ್ತಿದ್ದರು. ಆದರೆ ದೊಡ್ಡಮ್ಮ ಸಾವಿರಾರು ಮಕ್ಕಳಿಗೆ ಹೇಳಿದ ಮಾತೊಂದಿತ್ತು: ಪ್ರಶ್ನೆ ತಪ್ಪಿದ್ದರೆ ದೂರನ್ನು ಹೊರಗೆ ಬಂದು ಹೇಳು, ಕೋಣೆಯೊಳಗಿರುವಷ್ಟು ಹೊತ್ತು ಬರೆಯುತ್ತಿರು. ಪರರಿಗೆ ಹೇಳಿದ್ದನ್ನು ತಾನು ಪಾಲಿಸದವರ ಉಪದೇಶವನ್ನು ಕಸದ ಬುಟ್ಟಿಯೂ ಮೂಸುವುದಿಲ್ಲ.

ಎದುರಿಗೆ ಕೀಲಿಕೈ ಕೆತ್ತುವವನ ಗೂಡಂಗಡಿ. ದೊಡ್ಡಮ್ಮ ಟ್ಯಾಬಿನಲ್ಲಿ 'ಹಲ್ಲಿನ ಸೆಟ್ಟು ಮಾಡುವ ಜಾಗ ಎಲ್ಲಿದೆ?' ಎಂದು ಬರೆದು ಒತ್ತಿದರು. ಟ್ಯಾಬಿನೊಳಗಿನ ಹೆಂಗಸು ಪರಭಾಷೆಯಲ್ಲಿ ಜೇನು ಸುರಿದಂತೆ ಏನೋ ಉಲಿದಳು.

"ಬೇಡ ತಾಯಿ, ನನ್ ಹತ್ರ ಆಗ್ಲೇ ಎರಡು ಸಿಮ್ ಇದೆ" ಎಂದ ಕೀಲಿಕೈಯವನು, ತಲೆ ಎತ್ತದೆ.

ದೊಡ್ಡಮ್ಮ ಕಪ್ಪು ಹಲಗೆಯನ್ನು ತೆರೆದು ಒಂದು ಹಲ್ಲಿನ ಚಿತ್ರ ಬರೆದರು. ದವಡೆ ಹಲ್ಲು, ಎರಡು ಬೇರು, ಮೇಲೆ ದಾರಿ ಎಲ್ಲಿ ಎಂಬ ಅರ್ಥದ ಬಾಣ.

ಕೀಲಿಕೈಯವನು ಚಿತ್ರ ನೋಡಿದ, ಬಿಗಿದ ತುಟಿ ನೋಡಿದ, ಅರವನ್ನು ಕೆಳಗೆ ಹಾಕಿದ. "ಅಯ್ಯೋ ಪಾಪ! ಬಾಯೇ ತೆಗೆಯೋಕಾಗ್ತಿಲ್ವಾ? ನಮ್ಮತ್ತೇಗೂ ಹೀಗೇ ಆಗಿತ್ತು, ಮನೇಲಿ ಎಂಥಾ ನೆಮ್ಮದಿ ಇತ್ತು ಗೊತ್ತಾ! ಬನ್ನಿ, ಬನ್ನಿ." ಅಲ್ಲ, ಅಲ್ಲ ಎಂದು ದೊಡ್ಡಮ್ಮ ತಲೆಯಾಡಿಸಿದಷ್ಟೂ ಅವನ ಕರುಣೆ ಉಕ್ಕಿ ಬಂತು. "ಹೆದರ್ಕೋಬೇಡಿ, ಕೀಳೋವಾಗ ನೋವಾಗಲ್ಲ, ಆಮೇಲೆ ಆಗತ್ತೆ" ಎಂದು ಧೈರ್ಯ ತುಂಬುತ್ತ, ತೋಳು ಹಿಡಿದು ಪಕ್ಕದ ಕಟ್ಟಡದ ಮೆಟ್ಟಿಲು ಹತ್ತಿಸಿ, ಲವಂಗದೆಣ್ಣೆಯ ವಾಸನೆ ಬರುತ್ತಿದ್ದ ಬಾಗಿಲೊಂದರೊಳಗೆ ತಳ್ಳಿಯೇ ಹೋದ.

ಹಲ್ಲಿನ ಡಾಕ್ಟರು ಮುಖದ ಪಟ್ಟಿ ಕೆಳಗಿಳಿಸಿ ಕಣ್ಣರಳಿಸಿದ. "ಮೇಡಂ! ನೀವಾ? ನಾನು ಮೇಡಂ, ಕೊನೇ ಬೆಂಚು, ಕಿಟಕಿ ಪಕ್ಕ! ಗುಬ್ಬಚ್ಚಿ ಅಂತ ಕರೀತಿದ್ರಲ್ಲ, ಅದೇ ಗುಬ್ಬಚ್ಚಿ!"

ದೊಡ್ಡಮ್ಮ ಬಾಗಿಲಿನತ್ತ ನೋಡಿದರು. ಪರಿಚಯದವನು! ತಾವೇ ಕೇಳಿ ಸೇರಿಸಿಕೊಂಡ ನಿಯಮ ತಮ್ಮ ಕಾಲಿಗೇ ತೊಡರಿಕೊಂಡಿತ್ತು. ಅವರು ಹಿಂದೆ ತಿರುಗುವಷ್ಟರಲ್ಲಿ ಗುಬ್ಬಚ್ಚಿ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದ. ಕುರ್ಚಿ ಗುಂಯ್ಯೆಂದು ಹಿಂದಕ್ಕೆ ವಾಲಿ, ಮೇಡಂ ಛಾವಣಿ ನೋಡತೊಡಗಿದರು.

"ಮಾತೇ ಆಡ್ತಿಲ್ವಲ್ಲ! ಬಾವು ಜೋರಾಗಿರ್ಬೇಕು. ಎಲ್ಲಿ, 'ಆ' ಅನ್ನಿ."

'ಆ' ಎಂಬುದು ನಮ್ಮ ವರ್ಣಮಾಲೆಯ ಅಕ್ಷರವಾದ್ದರಿಂದ ದೊಡ್ಡಮ್ಮ ಅದನ್ನು ಅನ್ನಲಿಲ್ಲ. ಸದ್ದಿಲ್ಲದೆ ಬಾಯಿ ತೆರೆದರು.

"ಆವತ್ತು ನೀವು 'ಬಾಯಿ ಮುಚ್ಚೋ ಗುಬ್ಬಚ್ಚಿ' ಅಂತಿದ್ರಿ. ಇವತ್ತು ನಾನು 'ಬಾಯಿ ತೆಗೀರಿ ಮೇಡಂ' ಅಂತಿದೀನಿ! ಎಂಥಾ ಮಜಾ ನೋಡಿ" ಎಂದು ಅವನು ಪುಟ್ಟ ಕನ್ನಡಿಯನ್ನು ಒಳಗೆ ತೂರಿಸಿದ. ಶಾಲೆಯಲ್ಲಿದ್ದಷ್ಟು ಕಾಲವೂ ತನ್ನ ಬಾಯಿ ಮುಚ್ಚಿಸಿದವರು ತಿರುಗಿ ಮಾತಾಡಲಾಗದೆ ಮಲಗಿರುವ ಇಂಥ ಸುಯೋಗ ಮತ್ತೆ ಸಿಗದೆಂದು ಅವನಿಗೆ ಗೊತ್ತಿತ್ತು. ಮದುವೆಯಾದದ್ದನ್ನು ಹೇಳಿದ, ಮನೆ ಕಟ್ಟಿಸಿದ್ದನ್ನು ಹೇಳಿದ, ಆವತ್ತು ಡಬ್ಬಿಯಲ್ಲಿ ಕಪ್ಪೆ ತಂದದ್ದು ತಾನೇ ಎಂದೂ ಹೇಳಿಬಿಟ್ಟ. "ಆದ್ರೆ ಮೇಡಂ, ನೀವು ಕಲಿಸಿದ ಮಗ್ಗಿ ಮಾತ್ರ ಎಳ್ಳಷ್ಟೂ ಮರ್ತಿಲ್ಲ. ಕೇಳಿ! ಹದಿನೇಳ್ ಆರ್ಲ ನೂರಾ ಎರಡು, ಹದಿನೇಳ್ ಏಳ್ಲ ನೂರಾ ಹತ್ತೊಂಬತ್ತು, ಹದಿನೇಳ್ ಎಂಟ್ಲ ನೂರಾ ಮೂವತ್ತೆಂಟು..."

"ಅಯ್ಯೋ!"

ಕನ್ನಡಿ, ಕೈಗವಸು, ಹತ್ತಿಯ ಉಂಡೆ ಎಲ್ಲವನ್ನೂ ತಳ್ಳಿ ದೊಡ್ಡಮ್ಮ ಎದ್ದು ಕುಳಿತಿದ್ದರು. ಟ್ಯಾಬನ್ನು ಸೆಳೆದು, ಕಪ್ಪು ಹಲಗೆಯ ಮೇಲೆ 138 ಎಂದು ಬರೆದು ಅಡ್ಡಗೀಟು ಎಳೆದರು. ಪಕ್ಕದಲ್ಲಿ 136 ಎಂದು ಬರೆದು ಅಡಿಗೆರೆ ಹಾಕಿದರು. ಗೆರೆ ಸಾಲದೆಂದು ಸುತ್ತಲೂ ವೃತ್ತ ಎಳೆದರು. ಊರಿನವರು ಸಾವಿರ ಬಾಯಿಗಳನ್ನು ನಂಬಿ ಒಪ್ಪಿಸಿರುವ ಮನುಷ್ಯನ ಲೆಕ್ಕದಲ್ಲಿ ಎರಡು ಹೆಚ್ಚಾದರೆ ಏನೇನು ಕೀಳಬಹುದು!

ಗುಬ್ಬಚ್ಚಿಯ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡಿತು. "ಸಾರಿ ಮೇಡಂ."

ಅದೇ ಸಮಯವೆಂದು ದೊಡ್ಡಮ್ಮ ಹಲಗೆ ಒರೆಸಿ ಹಲ್ಲುಗಳ ಇನ್ನೊಂದು ಚಿತ್ರ ಬರೆದರು. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಒಂದು ಅಂಗೈಯಲ್ಲಿ. ಪಕ್ಕದಲ್ಲಿ ಎರಡು ಜಡೆಯ ಹುಡುಗಿ ಮೇಜಿನ ಮುಂದೆ ಕುಳಿತು ಹಲ್ಲು ಉಜ್ಜಿ ನುಣುಪು ಮಾಡುತ್ತಿದ್ದಾಳೆ. ಅವಳ ಕಡೆಗೆ ಬಾಣ.

"ಓ! ಸೆಟ್ ಮಾಡೋ ಜಾಗಾನಾ? ನಮ್ಮ ಅಚ್ಚುಗಳೆಲ್ಲ ಆ ಹುಡುಗಿ ಹತ್ರಾನೇ ಹೋಗೋದು ಮೇಡಂ. ಕೆಲಸ ಅಂದ್ರೆ ಅವಳದು! ಹಾಕ್ಕೊಂಡವರು ಮಲಗೋವಾಗ್ಲೂ ತೆಗೆಯಲ್ಲ." ಹೆಮ್ಮೆಯಿಂದ ದೊಡ್ಡಮ್ಮ ಎಷ್ಟು ಜೋರಾಗಿ ತಲೆಯಾಡಿಸಿದರೆಂದರೆ ಕನ್ನಡಕ ಮೂಗಿನ ತುದಿಗೆ ಬಂತು. "ಹಲ್ಲೆಲ್ಲ ಗಟ್ಟಿ ಇದೆ, ಸೆಟ್ ಯಾಕೆ ಬೇಕೋ ನಿಮಗೆ! ಇರ್ಲಿ. ತೂಫಾನೂ! ಅಚ್ಚಿನ ಡಬ್ಬ ತಗೊಂಡು ಹೋಗ್ತೀಯಲ್ಲ, ಮೇಡಂನೂ ಕರ್ಕೊಂಡು ಹೋಗಪ್ಪ."

ತೂಫಾನು ಎಂಬ ಸ್ಕೂಟರಿನವನು ಮೀಸೆ ನರೆತ ಗಂಭೀರ ಮನುಷ್ಯನಾಗಿದ್ದ. ಸ್ಕೂಟರಿಗೆ ಮಾತ್ರ ಆ ಗಾಂಭೀರ್ಯ ಅಂಟಿರಲಿಲ್ಲ. ಮಡಿಲಲ್ಲಿ ದವಡೆಗಳ ಡಬ್ಬ ಹಿಡಿದು ಹಿಂದೆ ಕುಳಿತ ದೊಡ್ಡಮ್ಮನ ಕಣ್ಣೆದುರಿಗೇ ಅವನು ಕೆಂಪು ದೀಪವನ್ನು ದಾಟಿದ, ಏಕಮುಖ ರಸ್ತೆಯಲ್ಲಿ ಎದುರು ನುಗ್ಗಿದ, ಕಾಲುದಾರಿಯ ಮೇಲೆ ಹತ್ತಿ ತರಕಾರಿ ಬುಟ್ಟಿಯೊಂದನ್ನು ಸವರಿಕೊಂಡು ಇಳಿದ. ದವಡೆಗಳು ಡಬ್ಬದೊಳಗೆ ಕಟಕಟನೆ ಕುಣಿದವು. ದೊಡ್ಡಮ್ಮನ ಗಂಟಲಲ್ಲಿ ಬೈಗುಳದ ಒಂದು ಅಧ್ಯಾಯವೇ ಬಂದು ಕುಳಿತಿತ್ತು. ತಡೆಯಲಾರದೆ ಒಂದೇ ಬೆರಳಿನಲ್ಲಿ 'ನಿನಗೆ ನಾಗರಿಕ ಪ್ರಜ್ಞೆ ಇದೆಯೇನಯ್ಯ?' ಎಂದು ಬರೆದು ಒತ್ತಿದರು. ಟ್ಯಾಬಿನ ಹೆಂಗಸು ಅವನ ಕಿವಿಯಲ್ಲಿ ಅದೇ ಜೇನು ಸುರಿದಳು.

"ಥ್ಯಾಂಕ್ಸ್ ಅಮ್ಮ, ಎಲ್ರೂ ಹಾಗೇ ಹೊಗಳ್ತಾರೆ!" ಎಂದು ತೂಫಾನು ಇನ್ನೊಂದಿಷ್ಟು ವೇಗ ಕೊಟ್ಟ.

ವಿಚಿತ್ರವೆಂದರೆ, ಆ ಗಾಳಿಯಲ್ಲಿ, ಸೆರಗು ಬಾವುಟವಾಗಿ ಹಾರುತ್ತಿದ್ದಾಗ, ದೊಡ್ಡಮ್ಮನಿಗೆ ನಗು ಬಂತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜದಲ್ಲಿ. ಯಾರ ತಲೆಯನ್ನೂ ಎಣಿಸದೆ ಇಷ್ಟು ದೂರ ಬಂದದ್ದು ಇದೇ ಮೊದಲು. ನಗುವಿಗೆ ಭಾಷೆಯ ನಿರ್ಬಂಧವಿರಲಿಲ್ಲವಾದ್ದರಿಂದ ಅವರು ಧಾರಾಳವಾಗಿ ನಕ್ಕರು.

ಹೊಸ ಲ್ಯಾಬಿನ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಹಿಂದೆ ಕಪಾಟಿನ ತುಂಬ ಬಿಳಿಯ ದವಡೆಗಳು ಸಾಲಾಗಿ ಹಲ್ಲು ಕಿರಿಯುತ್ತಿದ್ದವು, ಮೇಜಿನ ಮೇಲೆ ಮೇಣ ಕರಗಿ ಕುದಿಯುತ್ತಿತ್ತು. ಅವಳ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಮುಖ ಕೈಮೇಲಿನ ಅಚ್ಚು ಹಾಕುವ ಗಾರೆಯ ಪುಡಿಗಿಂತ ಬಿಳುಪಾಗಿತ್ತು.

ದೊಡ್ಡಮ್ಮ ಡಬ್ಬವನ್ನು ಅವಳ ಕೈಗಿತ್ತು, ಹೊಸ್ತಿಲು ದಾಟಿ ಒಳಗೆ ಕಾಲಿಟ್ಟು, ಅಂದರೆ ಪರೀಕ್ಷೆಯನ್ನು ಮುಗಿಸಿ, ಹಿಂದಕ್ಕೆ ತಿರುಗಿದರು. "ಏನಯ್ಯಾ! ಕೆಂಪು ದೀಪ ಹಾಕಿರೋದು ಚೆಂದ ನೋಡೋಕಾ? ತರಕಾರಿಯವಳ ಬುಟ್ಟಿ ನಿನ್ನಪ್ಪಂದಾ? ಮೀಸೆ ನರೆತಿದೆ, ಬುದ್ಧಿ ಯಾವಾಗ ನರೆಯೋದು?"

ತೂಫಾನು ಕಕ್ಕಾಬಿಕ್ಕಿಯಾಗಿ ಎರಡು ಹೆಜ್ಜೆ ಹಿಂದಕ್ಕೆ ಹೋದ. "ಅಮ್ಮಾ... ನಿಮಗೆ ನಮ್ಮ ಭಾಷೆ ಎಷ್ಟು ಬೇಗ ಬಂತು!" ಎಂದವನೇ ಸ್ಕೂಟರನ್ನು ತಳ್ಳಿಕೊಂಡು, ಹತ್ತುವ ಧೈರ್ಯವೂ ಇಲ್ಲದೆ, ಬೀದಿಯ ಎಡಗಡೆಯಲ್ಲೇ ಶಿಸ್ತಾಗಿ ನಡೆದುಹೋದ.

ಪುಟ್ಟಿ ಓಡಿಬಂದು ತಬ್ಬಿಕೊಂಡಳು. "ಎಲ್ಲಿ ಹೋಗಿದ್ದೆ ದೊಡ್ಡಮ್ಮಾ? ಬೆಳಗ್ಗೆಯಿಂದ ಬಸ್ ಸ್ಟ್ಯಾಂಡಲ್ಲೇ ಇದ್ದೀಯ ಅಂದ್ಕೊಂಡೆ! ಚುಕ್ಕೆ ಅಲ್ಲಾಡ್ಲೇ ಇಲ್ಲ!"

"ಯಾವ ಚುಕ್ಕೆ?"

ಪುಟ್ಟಿ ನಾಲಿಗೆ ಕಚ್ಚಿಕೊಂಡಳು.

"ತಾಳೆ ಆಗದ ಲೆಕ್ಕ" ಎಂದರು ದೊಡ್ಡಮ್ಮ ನಿಧಾನವಾಗಿ. "ನಾನೆಲ್ಲಿದೀನಿ ಅಂತ ನಿಂಗೆ ಚಾಡಿ ಹೇಳೋ ಆ್ಯಪನ್ನ ಒಳಗಿಟ್ಟಿದ್ದೆ ಅಲ್ವಾ? ನನಗೆ ಕಾಣದ ಹಾಗೆ. ಪ್ರಶ್ನೆಪತ್ರಿಕೆ ತಪ್ಪು ಮಾಡಿದ್ದು ಸಾಲದು ಅಂತ ಕಿಟಕಿಯಿಂದ ಬೇರೆ ಇಣುಕ್ತಿದ್ದೆ! ನೆಟ್ ಕಡಿದಾಗ ಕಣ್ಣು ಮುಚ್ಕೊಂಡಿತು ನೋಡು ನಿನ್ನ ಗೂಢಚಾರ. ಪ್ರವೇಶ ಪರೀಕ್ಷೇಲೇ ಫೇಲ್ ಆಗಬೇಕಾಗಿದ್ದು!"

"ತಪ್ಪಾಯ್ತು ದೊಡ್ಡಮ್ಮ" ಎಂದಳು ಪುಟ್ಟಿ. ಕಣ್ಣಲ್ಲಿ ನೀರಾಡುತ್ತಿತ್ತು. "ನಕ್ಷೆ ವಿಷಯ ಹೊಳೆದಾಗ ನಾನೇ ಓಡಿ ಬರೋಣ ಅಂತಿದ್ದೆ."

ಇಲ್ಲಿಗೆ ನಿಲ್ಲಿಸಿದ್ದರೆ ಗೆಲುವು ದೊಡ್ಡಮ್ಮನದೇ ಆಗಿತ್ತು. ಆದರೆ ಪರರ ತಪ್ಪಿನ ನೆರಳಿನಲ್ಲಿ ತನ್ನ ತಪ್ಪನ್ನು ಬಚ್ಚಿಡುವುದು ಕಾಪಿ ಹೊಡೆಯುವುದಕ್ಕಿಂತ ಹೀನ. ಅವರು ಕುರ್ಚಿ ಎಳೆದು ಕುಳಿತು, ಗಂಟಲು ಸರಿಪಡಿಸಿಕೊಂಡರು. ವಿಮಾನ, ಬಂದರು, ಬಾಗಿಲು ತೆಗೆಯುವ ಗೆಳತಿ, ಎಲ್ಲವೂ ಈಗ ಹೇಳಲಿರುವ ಮಾತಿಗೆ ಜೋತುಬಿದ್ದಿದ್ದವು. ಆದರೂ ಹೇಳಿದರು.

"ನಾನೂ ನಿಯಮ ಮುರಿದೆ. ಒಂದು, ನಿಂಗೆ ಅಚ್ಚು ಕಳಿಸೋ ಹಲ್ಲಿನ ಡಾಕ್ಟರು ನನ್ನ ಹಳೇ ವಿದ್ಯಾರ್ಥಿ. ಪರಿಚಯದವನ ಸಹಾಯ ಆಯ್ತು. ಎರಡು, ಅವನು ಮಗ್ಗಿ ತಪ್ಪು ಹೇಳಿದಾಗ ನಮ್ಮ ಭಾಷೇಲಿ ಒಂದು ಮಾತಾಡಿದೆ."

"ಏನಂದೆ?"

"ಅಯ್ಯೋ ಅಂದೆ."

ಪುಟ್ಟಿ ಮೂಗು ಒರೆಸಿಕೊಂಡಳು. ತುಟಿ ಅದುರಿತು. ಆಮೇಲೆ ಅವಳು ಗೋಡೆಗೊರಗಿ, ಕುಸಿದು, ದವಡೆಗಳ ಡಬ್ಬವನ್ನು ತಬ್ಬಿಕೊಂಡು, ಉಸಿರು ಸಿಗದಂತೆ ನಗತೊಡಗಿದಳು. ದೊಡ್ಡಮ್ಮ ಗದರಲು ಬಾಯಿ ತೆರೆದವರು ತಾವೂ ಶುರುಮಾಡಿದರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು "ಅಯ್ಯೋ" ಅನ್ನುವುದು, ಮತ್ತೆ ಮೊದಲಿನಿಂದ.

"ದೊಡ್ಡಮ್ಮ, ನೀನು ಪರೀಕ್ಷೇಲಿ ಪ್ರಶ್ನೆಯೇ ತಪ್ಪು ಕೊಟ್ಟಿದ್ರೆ ಅಂಕ ಹೇಗೆ ಹಾಕ್ತಿದ್ದೆ?" ಎಂದು ಪುಟ್ಟಿ ಕೊನೆಗೆ ಕೇಳಿದಳು.

"ಪ್ರಾಮಾಣಿಕವಾಗಿ ಬಿಡಿಸೋಕೆ ನೋಡಿದವರಿಗೆಲ್ಲ ಪೂರ್ತಿ."

"ಹಾಗಾದ್ರೆ ಪೂರ್ತಿ. ಒಬ್ಬಳೇ ಹೋಗಿ ಬಾ. ನೀನು ದಾರಿ ತಪ್ತೀಯ ಅನ್ನೋ ಭಯ ಈಗಿಲ್ಲ. ಅಲ್ಲಿನವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸ್ತೀಯೇನೋ ಅಂತ ಮಾತ್ರ ಭಯ." ಅವಳು ಟ್ಯಾಬನ್ನು ತೆಗೆದುಕೊಂಡು, ದೊಡ್ಡಮ್ಮನ ಕಣ್ಣೆದುರಿಗೇ, ಅಡಗಿಸಿಟ್ಟಿದ್ದ ಆ್ಯಪನ್ನು ಎಳೆದು ಅಳಿಸಿದಳು. ಲೆಕ್ಕ ತಾಳೆಯಾಯಿತು. "ಈ ಜಾಗಕ್ಕೆ ಏನು ಹಾಕ್ಲಿ?"

"ನಿಮ್ಮಪ್ಪನ ಮಿಠಾಯಿ ಹಾಕು. ವಿಮಾನದಲ್ಲಿ ಹೊತ್ತು ಹೋಗಬೇಕಲ್ಲ" ಎಂದರು ದೊಡ್ಡಮ್ಮ. ಪುಟ್ಟಿ ಬಾಯಿ ತೆರೆದು ನೋಡಿದಾಗ, "ನೆಟ್ ಇಲ್ಲದೆ ನಡೆಯುತ್ತೆ, ಯಾರ ನಂಬರೂ ಕೇಳಲ್ಲ. ನಾನು ಪರೀಕ್ಷೆ ಮಾಡಿಯೇ ಅಳಿಸಿದ್ದು" ಎಂದು ಮುಖ ಗಂಭೀರ ಮಾಡಿಕೊಂಡರು.

ಮನೆಗೆ ಬಿಟ್ಟು ಬರುತ್ತೇನೆಂದು ಪುಟ್ಟಿ ಇನ್ನೊಂದು ಚಪ್ಪಲಿ ಹುಡುಕುವಷ್ಟರಲ್ಲಿ ದೊಡ್ಡಮ್ಮ ಬೀದಿಗೆ ಇಳಿದಾಗಿತ್ತು. ಬಸ್ ಸ್ಟ್ಯಾಂಡ್ ಯಾವ ಕಡೆ ಎಂದು ಅವರಿಗೆ ಗೊತ್ತಿರಲಿಲ್ಲ. ಮೂಲೆಯ ಹಾಲಿನ ಅಂಗಡಿಯವಳನ್ನು ಕೇಳಿದರು, ನಮ್ಮ ಭಾಷೆಯಲ್ಲಿ, ವಿಭಕ್ತಿ ಪ್ರತ್ಯಯಗಳನ್ನೆಲ್ಲ ತುಂಬುಬಾಯಿಯಿಂದ ಉಚ್ಚರಿಸುತ್ತ. ಅವಳು ಎಡಕ್ಕೆ ತಿರುಗಿ ನೇರ ಹೋಗಿ ಎಂದಳು. ಎಡಕ್ಕೆ ತಿರುಗಿದ ಕೂಡಲೇ ದರ್ಜಿಯನ್ನು ಕೇಳಿದರು. ಬಸ್ ಸ್ಟ್ಯಾಂಡು ಎದುರಿಗೇ ಕಾಣುತ್ತಿದ್ದಾಗ, ಅದಕ್ಕೇ ಬೆನ್ನು ಮಾಡಿ ನಿಂತು ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರನ್ನೂ ತಡೆದು ಕೇಳಿದರು.